ಯಾರ ಕರ್ಮ, ಯಾರ ಕೈ

ಈರುಳ್ಳಿ ಗಡ್ಡೆಯನ್ನು ಕೊಳೆಯಿಸುವ ಒಂದು ಬ್ಯಾಕ್ಟೀರಿಯಾ ಇದೆ. 1950ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞ ವಾಲ್ಟರ್ ಬರ್ಕ್‌ಹೋಲ್ಡರ್ ಅದನ್ನು ವಿವರಿಸಿದರು. ಈಗ ಅದು ಅವರದೇ ಹೆಸರು ಹೊತ್ತು ಬರ್ಕ್‌ಹೋಲ್ಡೇರಿಯಾ ಸೆಪೇಶಿಯಾ ಎನಿಸಿಕೊಂಡಿದೆ. ಮಣ್ಣು, ನೀರು, ಕೊಳೆತ ಗಡ್ಡೆ ಅದರ ಮನೆ. ಗಟ್ಟಿಮುಟ್ಟಾದ ಮನುಷ್ಯನಿಗೆ ಅದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನಾನು ಬೆಳೆದದ್ದು ಕಾರ್ಕಳದ ಕಡೆಯ ಜೈನ ಮನೆಯಲ್ಲಿ. ಅಲ್ಲಿ ಈರುಳ್ಳಿ ಹೊಸ್ತಿಲು ದಾಟಿದ್ದೇ ಇಲ್ಲ. ಒಂದು ಗಡ್ಡೆಯೊಳಗೆ ಲೆಕ್ಕಕ್ಕೆ ಸಿಗದಷ್ಟು ಜೀವಗಳಿರುವಾಗ ಒಂದು ಹೊತ್ತಿನ ರುಚಿಗೆ ಅದು ಬೇಕೇ ಎಂದು ಅಜ್ಜಿ ಕೇಳುತ್ತಿದ್ದರು. ಅಂಥ ಮನೆಯವಳು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೂತು, ಡಯಾಲಿಸಿಸ್ ರೋಗಿಯೊಬ್ಬರ ರಕ್ತದಲ್ಲಿ ಈರುಳ್ಳಿ ಕೊಳೆಯ ಜೀವಿ ಬೆಳೆದಿದೆ ಎಂದು ರಿಪೋರ್ಟಿಗೆ ಸಹಿ ಹಾಕುವುದು ವಿಚಿತ್ರವೇ ಸರಿ. ಆದರೆ ನನ್ನನ್ನು ಕಾಡಿದ್ದು ಆ ವೈಚಿತ್ರ್ಯವಲ್ಲ. ಸಂಜೆ ಆ ರೋಗಿಯ ಹೆಂಡತಿ ಲ್ಯಾಬಿನ ಬಾಗಿಲಿಗೆ ಬಂದು ಕೇಳಿದ ಮಾತು. "ಡಾಕ್ಟ್ರೇ, ಇದು ಸಾವಿರದಲ್ಲಿ ಒಬ್ಬರಿಗೆ ಬರುವ ಕಾಯಿಲೆಯಂತೆ. ನಮಗೇ ಯಾಕೆ ಬಂತು? ಯಾವ ಜನ್ಮದ ಕರ್ಮ ಇದು?"

ಉತ್ತರ ಹುಡುಕುವ ಮೊದಲು ಆ ಜೀವಿ ರಕ್ತಕ್ಕೆ ಹೋದ ದಾರಿಯನ್ನು ಹೇಳಬೇಕು. ವಾರ್ಡಿನಲ್ಲಿ ಎಲ್ಲರೂ 'ಲೈನ್' ಎನ್ನುವುದು ಒಂದು ತೆಳು ನಳಿಕೆಗೆ. ಕುತ್ತಿಗೆಯ, ಎದೆಯ ಅಥವಾ ತೋಳಿನ ರಕ್ತನಾಳದಿಂದ ಒಳಹೊಕ್ಕು ಅದರ ತುದಿ ಹೃದಯದ ಬಾಗಿಲವರೆಗೆ ಹೋಗಿ ನಿಲ್ಲುತ್ತದೆ. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ಎಳೆಯ ಡಾಕ್ಟರು ಮೂತ್ರನಾಳಕ್ಕೆ ಹಾಕುವ ನಳಿಕೆಯನ್ನು ತನ್ನದೇ ತೋಳಿನ ನಾಳಕ್ಕೆ 65 ಸೆಂಟಿಮೀಟರ್ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿಕೊಂಡರು. ಮೊದಲು ಬೈಗುಳ ತಿಂದರು. 1956ರಲ್ಲಿ ನೊಬೆಲ್ ಬಂತು. ಇಂದು ಐಸಿಯುವಿನಲ್ಲಿ ಮಲಗಿದವರಿಗೆ, ಕೀಮೋ ತೆಗೆದುಕೊಳ್ಳುವವರಿಗೆ, ಕೈಯಲ್ಲಿ ಜೋಡಿಸಿದ ರಕ್ತನಾಳ (ಫಿಸ್ಟುಲಾ) ಬಲಿಯುವವರೆಗೆ ಡಯಾಲಿಸಿಸ್ ನಡೆಯಬೇಕಾದವರಿಗೆ ಈ ನಳಿಕೆಯೇ ಜೀವ. ಔಷಧಿ, ಆಹಾರ, ಶುದ್ಧಗೊಂಡ ರಕ್ತ ಎಲ್ಲ ಒಳಗೆ ಹೋಗುವುದು ಅದರಲ್ಲೇ. ಚರ್ಮದ ಕಾವಲಿಲ್ಲದ ಈ ದಾರಿಯಲ್ಲಿ ಬೇರೆಯವೂ ಹೋಗಬಲ್ಲವು. ನಲ್ಲಿ ನೀರಿನಲ್ಲಿರುವ ಮೈಕೋಬ್ಯಾಕ್ಟೀರಿಯಾಗಳು, ಗಿಡದ ಬುಡದಲ್ಲಿ ಗಂಟು ಕಟ್ಟಿಸುವ ರೈಝೋಬಿಯಂ, ತಟ್ಟೆಯ ಮೇಲೆ ಹವಳದ ಬಣ್ಣದಲ್ಲಿ ಅರಳುವ ರೋಡೋಟೊರುಲಾ ಯೀಸ್ಟ್, ಇವೆಲ್ಲ ಅಪರೂಪಕ್ಕೆ ಲೈನ್ ಇರುವವರ ರಕ್ತದಲ್ಲಿ ಸಿಕ್ಕಿವೆ. ನಳಿಕೆಯ ಒಳಗೋಡೆಗೆ ಅಂಟಿ, ತಮ್ಮ ಸುತ್ತ ಲೋಳೆಯ ಪದರ ಕಟ್ಟಿಕೊಂಡು ಕೂರುತ್ತವೆ. ಡಯಾಲಿಸಿಸ್ ಯಂತ್ರ ಶುರುವಾಗಿ ರಕ್ತ ರಭಸದಿಂದ ಹರಿದಾಗ ಕಳಚಿ ಹೊರಡುತ್ತವೆ. ಸ್ವಲ್ಪ ಹೊತ್ತಿಗೆ ರೋಗಿಗೆ ಗಡಗಡ ಚಳಿ.

ಆ ರೋಗಿಗೂ ಹಾಗೇ ಆಗಿತ್ತು. ಸಿಸ್ಟರ್ ಎರಡು ಕಲ್ಚರ್ ಬಾಟಲಿ ಕಳಿಸಿದ್ದರು: ಒಂದರಲ್ಲಿ ಲೈನಿನಿಂದ ಎಳೆದ ರಕ್ತ, ಇನ್ನೊಂದರಲ್ಲಿ ತೋಳಿನಿಂದ ಎಳೆದದ್ದು. ಎರಡೂ ಒಟ್ಟಿಗೆ ಯಂತ್ರದೊಳಗೆ ಹೋದವು. ಲೈನಿನ ಬಾಟಲಿ ತೋಳಿನದಕ್ಕಿಂತ ಎರಡು ಗಂಟೆಗೂ ಹೆಚ್ಚು ಮೊದಲೇ ಪಾಸಿಟಿವ್ ಆಯಿತು. ಹಾಗಾದರೆ ಸೋಂಕಿನ ನೆಲೆ ನಳಿಕೆಯಲ್ಲೇ ಇದೆ ಎಂಬುದು ನಮ್ಮ ಓದಿನ ಕ್ರಮ. ಇಷ್ಟು ಖಚಿತವಾಗಿ ಹೇಳಬಲ್ಲ ಲ್ಯಾಬಿಗೆ 'ಯಾಕೆ ನಮಗೇ' ಎಂಬ ಪ್ರಶ್ನೆಯ ಮುಂದೆ ಬಾಯಿ ಕಟ್ಟುತ್ತದೆ. ಜೊತೆಯ ಡಾಕ್ಟರೊಬ್ಬರು "ಅದೃಷ್ಟ ಅಷ್ಟೇ, ಸಂಖ್ಯಾಶಾಸ್ತ್ರ" ಎಂದರು. ವಿಜ್ಞಾನದ ಮಾತಿನಂತೆ ಕೇಳುತ್ತದೆ, ಆದರೆ ಕರ್ಮ ಎಂದು ಕೈ ತೊಳೆದುಕೊಳ್ಳುವವರ ಮಾತಿಗೂ ಅದಕ್ಕೂ ನನಗೆ ಹೆಚ್ಚು ದೂರ ಕಾಣಲಿಲ್ಲ. ಎರಡರಲ್ಲೂ ಮುಂದೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ.

ಕಾಣದ ಜೀವಿ ಕೆಲಸ ಮಾಡಿದಾಗಲೆಲ್ಲ ಮನುಷ್ಯ ಅದರ ಹಿಂದೆ ಒಂದು ಉದ್ದೇಶವನ್ನು ಹುಡುಕಿದ್ದಾನೆ. 1819ರಲ್ಲಿ ಇಟಲಿಯ ಪಾದುವಾ ಬಳಿಯ ಲೆನ್ಯಾರೊದಲ್ಲಿ ರೈತನೊಬ್ಬನ ಮನೆಯ ಮೆಕ್ಕೆಜೋಳದ ಹಿಟ್ಟಿನ ಗಂಜಿ ರಾತ್ರೋರಾತ್ರಿ ರಕ್ತದಂತೆ ಕೆಂಪಾಯಿತು. ಊರಿನವರು ದೆವ್ವದ ಕಾಟ ಎಂದರು. ಬಾರ್ಟೊಲೊಮಿಯೊ ಬಿಝಿಯೊ ಎಂಬವರು ಪರೀಕ್ಷೆ ಮಾಡಿ, ಇದು ಸೂಕ್ಷ್ಮಜೀವಿಯ ಕೆಲಸ ಎಂದು ತೋರಿಸಿ ಅದಕ್ಕೆ ಸೆರಾಶಿಯಾ ಎಂದು ಹೆಸರಿಟ್ಟರು. 1263ರಲ್ಲಿ ಬೋಲ್ಸೇನದ ಇಗರ್ಜಿಯಲ್ಲಿ ಪೂಜೆಯ ರೊಟ್ಟಿಯಿಂದ ರಕ್ತ ಒಸರಿತು ಎಂಬ ಪವಾಡದ ಹಿಂದೆಯೂ ಇದೇ ಜೀವಿ ಇದ್ದಿರಬಹುದು ಎಂದು ಕೆಲವರ ಊಹೆ. ಒಂದೇ ಜೀವಿ ಒಂದು ಊರಿಗೆ ದೆವ್ವ, ಇನ್ನೊಂದಕ್ಕೆ ದೇವರು. ನಮ್ಮ ಐಸಿಯುಗಳಲ್ಲಿ ಅದೇ ಸೆರಾಶಿಯಾ ಈಗ ಲೈನಿನ ಸೋಂಕು.

ನಾನು ಕಲಿತ ಧರ್ಮದಲ್ಲಿ ಈ ಜೀವಿಗಳಿಗೆ ದೆವ್ವದ ಪಟ್ಟವೂ ಇಲ್ಲ, ದೇವರ ಪಟ್ಟವೂ ಇಲ್ಲ. ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ ಜೀವಗಳು, ಮನಸ್ಸಿಲ್ಲದವು, ಎಣಿಕೆಗೆ ಸಿಗದವು ಎಲ್ಲೆಲ್ಲೂ ಇವೆ ಎನ್ನುತ್ತದೆ ಜೈನ ಶಾಸ್ತ್ರ. ಇದನ್ನೇ ಹಿಡಿದು, ನಮ್ಮ ಆಚಾರ್ಯರಿಗೆ ಬ್ಯಾಕ್ಟೀರಿಯಾ ಮೊದಲೇ ಗೊತ್ತಿತ್ತು ಎಂದು ಬಸದಿಯ ಸಭೆಗಳಲ್ಲಿ ಭಾಷಣ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಂಥ ಸೂಕ್ಷ್ಮ ಜೀವಗಳಿಗೆ ಶಾಸ್ತ್ರ ಹೇಳುವ ನಿಗೋದ ಎಂಬುದು ಜೀವದ ಒಂದು ಸ್ಥಿತಿಯ ಕುರಿತ ತತ್ತ್ವ. ಸೂಕ್ಷ್ಮದರ್ಶಕದ ಕೆಳಗೆ ನಾನು ಕಾಣುವ ಗುಲಾಬಿ ಬಣ್ಣದ ಕಡ್ಡಿಗಳ ವರ್ಣನೆಯಲ್ಲ. ಶಾಸ್ತ್ರಕ್ಕೆ ವಿಜ್ಞಾನದ ಸರ್ಟಿಫಿಕೇಟು ಕೊಡಿಸಿದರೆ ಅದರ ನಿಜವಾದ ಬಲ ಮರೆಗೆ ಸರಿಯುತ್ತದೆ. ಆ ಬಲ ಇರುವುದು ಬೇರೆ ಕಡೆ: ಹಿಂಸೆ ಎಲ್ಲಿದೆ ಎಂಬ ಪ್ರಶ್ನೆಗೆ ಅದು ಕೊಟ್ಟ ಉತ್ತರದಲ್ಲಿ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣ ಹೋಗುವುದನ್ನಷ್ಟೇ ಹೇಳಿ ಬಿಡುವುದಿಲ್ಲ. ಪ್ರಮಾದದಿಂದ, ಅಂದರೆ ಎಚ್ಚರ ತಪ್ಪಿದ ನಡೆಯಿಂದ ಹೋಗುವುದನ್ನು ಹೇಳುತ್ತದೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ನಿಷ್ಠುರರು. ಎದುರಿನ ಜೀವ ಸಾಯಲಿ ಬದುಕಲಿ, ಎಚ್ಚರವಿಲ್ಲದೆ ನಡೆದವನಿಗೆ ಹಿಂಸೆಯ ದೋಷ ತಪ್ಪದು; ಎಚ್ಚರದಿಂದ ನಡೆದವನ ಕಾಲಡಿ ಒಂದು ಜೀವ ಸತ್ತರೂ ಅಷ್ಟರಿಂದಲೇ ಅವನಿಗೆ ಕರ್ಮಬಂಧವಿಲ್ಲ ಎಂಬುದು ಅವರ ನಿಲುವು. ಎರಡು ಅಲಗಿನ ಮಾತು ಇದು. ಲೈನಿನ ಬಾಯನ್ನು ಸ್ಪಿರಿಟ್ ಸ್ವಾಬಿನಿಂದ ತಿಕ್ಕದೆ ಸಿರಿಂಜ್ ಚುಚ್ಚಿದ ಇಬ್ಬರು ಸಿಸ್ಟರುಗಳನ್ನು ನೆನೆಯಿರಿ. ಒಬ್ಬರ ರೋಗಿಗೆ ಸೋಂಕು ಬಂತು, ಇನ್ನೊಬ್ಬರ ರೋಗಿಗೆ ಬರಲಿಲ್ಲ. ಆಸ್ಪತ್ರೆಯ ಕಡತದಲ್ಲಿ ಮೊದಲನೆಯವರಿಗೆ ಮೆಮೊ, ಎರಡನೆಯವರಿಗೆ 'ಕೈ ಬಹಳ ಚುರುಕು' ಎಂಬ ಹೊಗಳಿಕೆ. ಕುಂದಕುಂದರ ಲೆಕ್ಕದಲ್ಲಿ ಇಬ್ಬರೂ ಸಮ. ಎಲ್ಲ ಕ್ರಮವಾಗಿ ಮಾಡಿಯೂ ರೋಗಿಯನ್ನು ಕಳೆದುಕೊಂಡ ಮೂರನೆಯ ಸಿಸ್ಟರ್ ರಾತ್ರಿಯೆಲ್ಲ ಅತ್ತರೆ, ಅದೇ ಲೆಕ್ಕ ಅವರನ್ನು ಬಿಡುಗಡೆ ಮಾಡುತ್ತದೆ.

ನ್ಯಾಯಾಲಯಕ್ಕೂ ಶಾಸ್ತ್ರಕ್ಕೂ ಇಲ್ಲಿಯೇ ದಾರಿ ಕವಲೊಡೆಯುವುದು. 1950ರ ಸೆಪ್ಟೆಂಬರಿನಲ್ಲಿ ಅಮೆರಿಕದ ನೌಕಾಪಡೆ, ಜೀವಾಣು ಅಸ್ತ್ರ ಗಾಳಿಯಲ್ಲಿ ಹೇಗೆ ಹರಡಬಹುದೆಂದು ತಿಳಿಯಲು, ನಿರುಪದ್ರವಿ ಎಂದು ನಂಬಿದ್ದ ಸೆರಾಶಿಯಾವನ್ನು ಸ್ಯಾನ್‌ಫ್ರಾನ್ಸಿಸ್ಕೋ ನಗರದ ಕಡೆಗೆ ಸಮುದ್ರದಿಂದ ಸಿಂಪಡಿಸಿತು. ಆಮೇಲಿನ ದಿನಗಳಲ್ಲಿ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ 11 ಮಂದಿಗೆ ಸೆರಾಶಿಯಾ ಸೋಂಕು ಕಂಡಿತು, ಒಬ್ಬರು ತೀರಿಕೊಂಡರು. ವರ್ಷಗಳ ನಂತರ ಮನೆಯವರು ಕೋರ್ಟಿಗೆ ಹೋದರು; ಗೆಲ್ಲಲಿಲ್ಲ. ಸಿಂಪಡಿಸಿದ ಜೀವಿಯೇ ಆ ರೋಗಿಯನ್ನು ಕೊಂದಿತೇ ಎಂಬುದು ಇಂದಿಗೂ ವಾದದ ವಿಷಯ. ಕೋರ್ಟಿಗೆ ಆ ಕೊಂಡಿ ಬೇಕೇ ಬೇಕು. ಪ್ರವಚನಸಾರಕ್ಕೆ ಬೇಡ. ಒಂದು ಊರಿನ ಉಸಿರಿಗೆ, ಕೇಳದೆ ತಿಳಿಸದೆ, 'ಏನೂ ಆಗದು' ಎಂಬ ನಂಬಿಕೆಯ ಮೇಲೆ ಜೀವಿಗಳನ್ನು ಬಿಟ್ಟಾಗಲೇ ಹಿಂಸೆ ನಡೆದುಹೋಯಿತು.

ಪ್ರಮಾದ ಎಂದರೆ ಬರೀ ಉದಾಸೀನ ಎಂದುಕೊಂಡಿದ್ದ ನನಗೆ ಕಣ್ಣು ತೆರೆಸಿದ್ದು ಗೊಮ್ಮಟಸಾರ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು, ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಬರೆದ ಗ್ರಂಥ ಅದು. ಅದರಲ್ಲಿ ಪ್ರಮಾದದ ಹದಿನೈದು ಬಗೆಗಳಿವೆ: ನಾಲ್ಕು ವಿಧದ ಹರಟೆ, ಕ್ರೋಧ ಲೋಭದಂಥ ನಾಲ್ಕು ಕಷಾಯಗಳು, ಐದು ಇಂದ್ರಿಯಗಳ ಸೆಳೆತ, ನಿದ್ದೆ, ಕೊನೆಗೆ ಪ್ರೀತಿ. ಕ್ರೋಧ ಲೋಭಗಳನ್ನು ಪಟ್ಟಿಗೆ ಯಾರೂ ಸೇರಿಸಿಯಾರು. ನಿದ್ದೆಯನ್ನೂ ಪ್ರೀತಿಯನ್ನೂ ಸೇರಿಸಿದವರಿಗೆ ಮನುಷ್ಯ ಚೆನ್ನಾಗಿ ಗೊತ್ತಿತ್ತು. ಸತತ ನೈಟ್ ಡ್ಯೂಟಿಯಲ್ಲಿ ಬೆಳಗಿನ ನಾಲ್ಕಕ್ಕೆ ಲೈನ್ ಫ್ಲಶ್ ಮಾಡುವ ಕೈಯನ್ನು ಕಂಡವರಿಗೆ ನಿದ್ದೆ ಯಾಕೆ ಪಟ್ಟಿಯಲ್ಲಿದೆ ಎಂದು ವಿವರಿಸಬೇಕಿಲ್ಲ. ಪ್ರೀತಿಯ ಮಾತು ಇನ್ನೂ ಸೂಕ್ಷ್ಮ; ಅದಕ್ಕೊಂದು ಉದಾಹರಣೆ ಹೇಳುತ್ತೇನೆ.

ಭೇದಿಗೆ ಕೊಡುವ ಒಂದು ಯೀಸ್ಟ್ ಪುಡಿ ಇದೆ, ಸ್ಯಾಕರೊಮೈಸಿಸ್ ಬೌಲಾರ್ಡಿ. 1920ರ ದಶಕದಲ್ಲಿ ಆಂರಿ ಬೂಲಾರ್ ಎಂಬ ಫ್ರೆಂಚ್ ವಿಜ್ಞಾನಿ ಇಂಡೋಚೈನಾದಲ್ಲಿ ಲಿಚಿ, ಮ್ಯಾಂಗೊಸ್ಟೀನ್ ಹಣ್ಣುಗಳಿಂದ ಬೇರ್ಪಡಿಸಿದ್ದು. ಹೊಟ್ಟೆಗೆ ಒಳ್ಳೆಯದು, ನಮ್ಮ ಮೆಡಿಕಲ್ ಶಾಪುಗಳಲ್ಲೂ ಸಿಗುತ್ತದೆ. ಐಸಿಯುವಿನ ಹಾಸಿಗೆಯ ಪಕ್ಕ ಅದರ ಪೊಟ್ಟಣ ಹರಿದರೆ ಪುಡಿ ಗಾಳಿಗೆ ಹಾರುತ್ತದೆ, ಹರಿದವರ ಬೆರಳಿಗೆ ಅಂಟುತ್ತದೆ. ಅದೇ ಬೆರಳು ಲೈನಿನ ಬಾಯಿ ಮುಟ್ಟಿದರೆ ಹೊಟ್ಟೆಗೆ ಹೋಗಬೇಕಾದದ್ದು ರಕ್ತಕ್ಕೆ ಹೋಗುತ್ತದೆ. ಪುಡಿ ತಿನ್ನದ ಪಕ್ಕದ ಹಾಸಿಗೆಯವರ ರಕ್ತದಲ್ಲೂ ಈ ಯೀಸ್ಟ್ ಬೆಳೆದ ಪ್ರಕರಣಗಳು ದಾಖಲಾಗಿವೆ. ಸೆಂಟ್ರಲ್ ಲೈನ್ ಇರುವವರಿಗೆ ಇದನ್ನು ಕೊಡಲೇಬಾರದು ಎಂದು ಯುರೋಪಿನ ಔಷಧ ನಿಯಂತ್ರಕರು ಹೇಳಿದ್ದಾರೆ. ಇಲ್ಲಿ ಯಾರ ಮನಸ್ಸಿನಲ್ಲೂ ಕೇಡಿರಲಿಲ್ಲ. ಇದ್ದದ್ದೆಲ್ಲ ಉಪಕಾರದ ಬಯಕೆ. ಭಾವ ಶುದ್ಧವಾಗಿದ್ದರೆ ಸಾಕು ಎಂದು ನಂಬಿರುವ ನಮಗೆ ಇದು ಕಹಿ. ಭಾವ ಬೇಕು, ಅದರ ಜೊತೆ ಕೈಯ ಎಚ್ಚರವೂ ಬೇಕು. ಒಮ್ಮೆ ನಮ್ಮವರೇ ಆದ ಹಿರಿಯರೊಬ್ಬರು ಬಸದಿಯಿಂದ ಅಭಿಷೇಕದ ಗಂಧೋದಕ ತಂದು, ಮಗಳ ಕುತ್ತಿಗೆಯ ಲೈನಿನ ಪಟ್ಟಿಯ ಮೇಲೆ ಎರಡು ಹನಿ ಹಚ್ಚುತ್ತೇನೆ ಎಂದರು. ನೋವಿರುವಲ್ಲಿಗೇ ಪುಣ್ಯಜಲ ಮುಟ್ಟಬೇಕು ಎಂಬುದು ಅವರ ಆಸೆ. "ಮಾವ, ಗಂಧೋದಕದ ಜಾಗ ಹಣೆ. ಹಣೆಗೆ ಹಚ್ಚಿ, ಕುತ್ತಿಗೆ ನಮಗೆ ಬಿಡಿ" ಎಂದೆ. ಒಪ್ಪಿದರು. ದೇವರ ನೀರು ಕೆಡುಕಲ್ಲ. ಆದರೆ ಪವಿತ್ರವಾದದ್ದಕ್ಕೂ ಅದರದೇ ಒಂದು ದಾರಿ ಇದೆ. ರಕ್ತ ಆ ದಾರಿಯಲ್ಲ.

ಈಗ ಈರುಳ್ಳಿಯ ಜೀವಿಗೆ ಮರಳುತ್ತೇನೆ. ಅದೇ ವಾರ ಅದೇ ಯೂನಿಟ್ಟಿನ ಇನ್ನೊಬ್ಬ ರೋಗಿಯ ರಕ್ತದಲ್ಲೂ ಅದು ಸಿಕ್ಕಾಗ, ಸ್ವಾಬ್‌ಗಳನ್ನು ಹಿಡಿದು ಡಯಾಲಿಸಿಸ್ ಯೂನಿಟ್ಟಿಗೆ ಹೋದೆವು. ನಲ್ಲಿ, ಸಿಂಕು, ಟ್ರಾಲಿ, ಹೆಪಾರಿನ್ ವಯಲ್ಲು, ಸಲೈನ್ ಎಲ್ಲದರಿಂದ ಮಾದರಿ ತೆಗೆದೆವು. ಸಿಕ್ಕಿದ್ದು ಕೊನೆಗೆ, ರೋಗಾಣುನಾಶಕ ದ್ರಾವಣದ ಬಾಟಲಿಯಲ್ಲಿ. ಲೈನಿನ ಬಾಯಿ ಒರೆಸಲೆಂದೇ ಇಟ್ಟಿದ್ದ ಬಾಟಲಿ ಅದು. ಮುಚ್ಚಳ ತಿರುಗಿಸಿ ಒಳಗಿನ ಸುತ್ತುಗೆರೆಗಳ ಮೇಲೆ ಗ್ಲೌಸಿನ ಬೆರಳಾಡಿಸಿದೆ, ಜಾರಿತು. ಬರಿಗಣ್ಣಿಗೆ ಕಾಣದ ತೆಳು ಲೋಳೆ. ಈ ಬ್ಯಾಕ್ಟೀರಿಯಾದ ವಿಶೇಷವೇ ಅದು: ತೆಳುವಾದ ಕ್ಲೋರ್‌ಹೆಕ್ಸಿಡಿನ್, ಬೆನ್ಝಾಲ್ಕೋನಿಯಂ ದ್ರಾವಣಗಳಲ್ಲಿ ಬದುಕಿ ಉಳಿಯಬಲ್ಲದು, ಬಟ್ಟಿ ಇಳಿಸಿದ ನೀರಿನಲ್ಲೂ ಬೆಳೆಯಬಲ್ಲದು. ಬಾಟಲಿ ಅರ್ಧವಾದಾಗಲೆಲ್ಲ ದೊಡ್ಡ ಕ್ಯಾನಿನಿಂದ ಮೇಲಿಂದ ಮೇಲೆ ತುಂಬಿಸುತ್ತಿದ್ದರು. ಪೂರ್ತಿ ಖಾಲಿ ಮಾಡಿ, ತೊಳೆದು, ಒಣಗಿಸಿ ತುಂಬಿದ್ದು ಯಾರಿಗೂ ನೆನಪಿರಲಿಲ್ಲ.

ತುಂಬಿಸಿದ್ದು ಯಾರು? ಆಯಾ. ಹಾಗೆ ಮಾಡು ಎಂದದ್ದು ಯಾರು? ಇನ್‌ಚಾರ್ಜ್ ಸಿಸ್ಟರ್. ಒಂದೊಂದು ಬಾರಿಗೆ ಒಂದೊಂದು ಸ್ವಾಬ್ ಪೊಟ್ಟಣ ಬೇಕೆಂಬ ಬೇಡಿಕೆಯನ್ನು ದುಬಾರಿ ಎಂದು ತಿರುಗಿಸಿದ್ದು ಯಾರು? ಖರೀದಿ ವಿಭಾಗ. ಅದಕ್ಕೆ ಸಹಿ ಹಾಕಿದ್ದು? ಮೇಲಿನವರು. ಮೊದಲ ಸಭೆಯಲ್ಲಿ ಎಲ್ಲರ ಕಣ್ಣೂ ಆಯಾಳ ಮೇಲೆ. ಜೈನ ಆಚಾರಶಾಸ್ತ್ರ ಇಂಥ ಸಭೆಯನ್ನು ಮೊದಲೇ ಕಂಡಿತ್ತೇನೋ ಎನಿಸುತ್ತದೆ. ಹಿಂಸೆ ಮೂರು ಬಗೆ ಎನ್ನುತ್ತದೆ ಅದು: ಕೃತ, ಕಾರಿತ, ಅನುಮತ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ತಲೆಯಾಡಿಸಿದ್ದು. ಮೂರರಲ್ಲೂ ಬಂಧವಿದೆ, ಕೊನೆಯ ಕೈಗೆ ಎಲ್ಲವನ್ನೂ ಹೊರಿಸುವ ಸೌಕರ್ಯ ಅಲ್ಲಿಲ್ಲ. ನಾನು ಆ ಸಭೆಯಲ್ಲಿ ಶಾಸ್ತ್ರ ಹೇಳಲಿಲ್ಲ. ಬಾಟಲಿಯ ಕಲ್ಚರ್ ರಿಪೋರ್ಟಿನ ಜೊತೆ ತಿರಸ್ಕೃತವಾದ ಬೇಡಿಕೆಪತ್ರದ ಪ್ರತಿಯನ್ನೂ ಮೇಜಿನ ಮೇಲಿಟ್ಟೆ. ಆಯಾಳ ಹೆಸರಿಗೆ ಮೆಮೊ ತಯಾರಾಗಿತ್ತು, ಹೋಗಲಿಲ್ಲ.

ಹಾಗಾದರೆ ರೋಗಿಯ ಕರ್ಮ? ಅಸಾತಾ ವೇದನೀಯ ಕರ್ಮದ ಉದಯದಿಂದ ನೋವು ಬರುತ್ತದೆ ಎಂಬುದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದೇ ಶಾಸ್ತ್ರ ನಿಮಿತ್ತ ಎಂಬುದನ್ನೂ ಹೇಳುತ್ತದೆ. ಒಬ್ಬರ ನೋವಿಗೆ ನಾನು ನಿಮಿತ್ತವಾದರೆ, ಅನುಭವಿಸುವವರ ಹಳೆಯ ಲೆಕ್ಕ ಏನೇ ಇರಲಿ, ನನ್ನ ಪ್ರಮಾದಕ್ಕೆ ನನ್ನ ಖಾತೆಯಲ್ಲಿ ಹೊಸ ಬರಹ ಬೀಳುತ್ತದೆ. ಹಾಗಾಗಿ 'ಅವರ ಕರ್ಮ' ಎಂಬ ಮಾತನ್ನು ಹಾಸಿಗೆಯಲ್ಲಿ ಮಲಗಿದವರು ತಮ್ಮ ಸಮಾಧಾನಕ್ಕೆ ಹೇಳಿಕೊಂಡರೆ ಅದು ತಪಸ್ಸು. ಪಕ್ಕದಲ್ಲಿ ನಿಂತವರು ಹೇಳಿದರೆ ಅದು ತಪ್ಪಿಸಿಕೊಳ್ಳುವಿಕೆ. ಆ ಹೆಂಗಸಿಗೆ ನಾನು ಹೇಳಿದ್ದು ಇಷ್ಟು: "ಅಕ್ಕಾ, ಕರ್ಮದ ಲೆಕ್ಕ ನನಗೆ ಗೊತ್ತಿಲ್ಲ. ಇದು ನಿಮ್ಮ ಮನೆಯಿಂದ ಬಂದದ್ದಲ್ಲ, ನಮ್ಮ ಬಾಟಲಿಯಿಂದ ಬಂದದ್ದು." ಹಾಗೆ ಹೇಳಿದ್ದು ಆಡಳಿತಕ್ಕೆ ಇಷ್ಟವಾಗಲಿಲ್ಲ. ಆಕೆ ಕೂಗಾಡಲಿಲ್ಲ. "ಹಾಗಾದ್ರೆ ಅವರು ಏನೂ ತಪ್ಪು ಮಾಡಿಲ್ಲ ಅಲ್ವಾ?" ಎಂದು ಎರಡು ಸಲ ಕೇಳಿ ಹೋದರು.

ಇನ್ನು ನನ್ನದೇ ಉದ್ಯೋಗದ ಪ್ರಶ್ನೆ. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ಮಗುಚಿ ತೊಳೆದ ನೀರನ್ನು ಅದೇ ಬಾವಿಗೆ ಮೆಲ್ಲಗೆ ಇಳಿಬಿಡುತ್ತಿದ್ದ ಅಜ್ಜಿಯ ಮೊಮ್ಮಗಳು ಕೋಟಿ ಜೀವಗಳನ್ನು ಕೊಲ್ಲುವ ಔಷಧಿಗೆ ಶಿಫಾರಸು ಬರೆಯುತ್ತಾಳೆ. ಗೃಹಸ್ಥರಿಗೆ ವಿರೋಧಿ ಹಿಂಸೆ, ಅಂದರೆ ರಕ್ಷಣೆಗಾಗಿ ಅನಿವಾರ್ಯವಾದದ್ದು, ನಿಷಿದ್ಧವಲ್ಲ. ಆ ಬಲದ ಮೇಲೆ ನಾನು ರಾತ್ರಿ ನಿದ್ದೆ ಮಾಡುತ್ತೇನೆ. ಆದರೂ ಗಮನಿಸಿದ್ದೇನೆ, ಲೈನಿನ ಸೋಂಕಿನಲ್ಲಿ ಕೊಲ್ಲುವುದಷ್ಟೇ ಚಿಕಿತ್ಸೆಯಲ್ಲ. ಆಸ್ರವ, ಸಂವರ, ನಿರ್ಜರಾ ಎಂಬ ತತ್ತ್ವಗಳನ್ನು ವಿವರಿಸಲು ನಮ್ಮ ಪಾಠಶಾಲೆಯಲ್ಲಿ ತೂತಿನ ದೋಣಿಯ ಹಳೆಯ ಹೋಲಿಕೆ ಕೊಡುತ್ತಿದ್ದರು: ನೀರು ಒಳಗೆ ಬರುವುದು ಆಸ್ರವ, ತೂತು ಮುಚ್ಚುವುದು ಸಂವರ, ತುಂಬಿದ್ದನ್ನು ಮೊಗೆದು ಚೆಲ್ಲುವುದು ನಿರ್ಜರಾ. ತೂತು ಮುಚ್ಚದೆ ಎಷ್ಟು ಮೊಗೆದರೇನು? ಕ್ಯಾಂಡಿಡಾ, ಸ್ಟೆಫೈಲೊಕಾಕಸ್ ಆರಿಯಸ್, ನೀರಿನ ಮೈಕೋಬ್ಯಾಕ್ಟೀರಿಯಾ ಇವು ಬಂದರೆ ಸಾಮಾನ್ಯವಾಗಿ ಲೈನನ್ನು ಕಿತ್ತು ತೆಗೆಯಬೇಕು. ಔಷಧಿ ಒಂದರಿಂದಲೇ ಆಗುವುದಿಲ್ಲ. ಈ ರೋಗಿಗೂ ಹಾಗೇ ಮಾಡಿದರು, ಜ್ವರ ಇಳಿಯಿತು, ಮನೆಗೆ ಹೋದರು.

ಎಲ್ಲರಿಗೂ ಹಾಗೆ ಮಾಡಲಾಗುವುದಿಲ್ಲ. ವರ್ಷಗಟ್ಟಲೆ ಡಯಾಲಿಸಿಸ್ ಆಗಿ ಎಲ್ಲ ನಾಳಗಳೂ ಮುಚ್ಚಿಹೋಗಿ ಒಂದೇ ಉಳಿದಿರುವವರು ಇರುತ್ತಾರೆ. ಅವರ ಲೈನ್ ಕಿತ್ತರೆ ಸೋಂಕಿನ ಬಾಗಿಲೂ ಮುಚ್ಚುತ್ತದೆ, ಬದುಕಿನ ಬಾಗಿಲೂ ಮುಚ್ಚುತ್ತದೆ. ಆಗ ನಳಿಕೆಯೊಳಗೇ ಗಾಢವಾದ ಔಷಧಿ ತುಂಬಿಟ್ಟು, ಬಾಗಿಲು ತೆರೆದೇ ಇಟ್ಟು ಕಾವಲು ಕಾಯುತ್ತೇವೆ. ಎಲ್ಲ ದ್ವಾರಗಳನ್ನೂ ಮುಚ್ಚುವುದು ಮುನಿಗಳ ದಾರಿ. ಅದರ ಕೊನೆಗೆ ಸಲ್ಲೇಖನ, ಅಂದರೆ ಆಹಾರ ಬಿಟ್ಟು ದೇಹ ತ್ಯಜಿಸುವ ವ್ರತ, ಇದೆ ಎಂದು ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳೇ ಹೇಳುತ್ತವೆ. ದೇಹವಿಟ್ಟುಕೊಂಡು ಬದುಕಬಯಸುವ ನಮಗೆಲ್ಲ ಬಾಗಿಲುಗಳು ತೆರೆದೇ ಇರುತ್ತವೆ. ಹಾಗಿರುವಾಗ ಧರ್ಮ ಕೇಳುವುದು ಶುದ್ಧಿಯನ್ನಲ್ಲ, ಕಾವಲನ್ನು.

ಕಾವಲಿನಿಂದ ಏನಾದೀತು ಎನ್ನುವವರಿಗೆ ಒಂದು ಲೆಕ್ಕ ಇದೆ. ಅಮೆರಿಕದ ವೈದ್ಯ ಪೀಟರ್ ಪ್ರೊನೊವೋಸ್ಟ್ ಐದೇ ಸಂಗತಿಗಳನ್ನು ಆಯ್ದರು: ಕೈ ತೊಳೆ, ಲೈನ್ ಹಾಕುವಾಗ ಪೂರ್ತಿ ಗೌನು ಹೊದಿಕೆ ಬಳಸು, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಹಚ್ಚು, ಆದಷ್ಟು ತೊಡೆಸಂದಿಯ ನಾಳ ಬಿಡು, ಬೇಡವಾದ ಲೈನನ್ನು ತೆಗೆ. ಡಾಕ್ಟರು ಕ್ರಮ ತಪ್ಪಿದರೆ ನಿಲ್ಲಿಸುವ ಅಧಿಕಾರ ನರ್ಸಿಗೆ. ಮಿಶಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಸಾವಿರ ಲೈನ್-ದಿನಗಳಿಗೆ 2.7ರಷ್ಟಿದ್ದ ಸೋಂಕಿನ ಮಧ್ಯಾಂಕ ಮೂರು ತಿಂಗಳಲ್ಲಿ ಸೊನ್ನೆಗೆ ಇಳಿದಿತ್ತು. ಹೊಸ ಔಷಧಿ ಒಂದೂ ಇಲ್ಲ. ಐಸಿಯು ಎಂದಮೇಲೆ ಇದ್ದದ್ದೇ ಎಂದು ವಿಧಿಯ ಖಾತೆಗೆ ಬರೆದದ್ದರಲ್ಲಿ ಬಹುಪಾಲು ಕೈಗಳ ಖಾತೆಯದು ಎಂದಾಯಿತು. ಜೈನ ಮುನಿಗಳ ಐದು ಸಮಿತಿಗಳಲ್ಲಿ ಒಂದು ಆದಾನ-ನಿಕ್ಷೇಪಣ: ವಸ್ತುವನ್ನು ಎತ್ತುವಾಗ, ಇಡುವಾಗ ನೋಡಿ, ನವಿಲುಗರಿಯ ಪಿಂಛಿಯಿಂದ ಸವರಿ, ಎತ್ತಬೇಕು, ಇಡಬೇಕು. ಯಾವ ಜೀವಿಯೂ ಇಲ್ಲದ ಹಲಗೆಯ ಮೇಲೂ ಅವರು ಪಿಂಛಿ ಆಡಿಸುತ್ತಾರೆ. ಜೀವಿ ಇತ್ತೇ ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಆಸ್ಪತ್ರೆಗಳು ಕಲಿಯಬೇಕಾದದ್ದು ಇದನ್ನೇ ಎಂದು ನನ್ನ ಅಭಿಪ್ರಾಯ. ನಮ್ಮಲ್ಲಿ ವಿಚಾರಣೆ ಶುರುವಾಗುವುದು ಕಲ್ಚರ್ ಪಾಸಿಟಿವ್ ಬಂದಮೇಲೆ, ಅದೂ ಹೆಸರು ಅಪರೂಪದ್ದಾಗಿದ್ದರೆ. ಬಸದಿಯಲ್ಲಿ ಪ್ರತಿಕ್ರಮಣ ಮಾಡುವವರು ದಿನದ ನಡೆಯನ್ನು ತೂಗಿ ನೋಡುವುದಕ್ಕೆ ಒಂದು ಅನಾಹುತಕ್ಕಾಗಿ ಕಾಯುವುದಿಲ್ಲ. ಏನೂ ಆಗದ ದಿನವೂ ಕೂರುತ್ತಾರೆ. ಯಾರಿಗೂ ಜ್ವರ ಬಾರದ ದಿನ ಬಾಟಲಿಯ ಮುಚ್ಚಳ ತೆರೆದು ನೋಡುವ, ಈ ಲೈನ್ ಇವತ್ತೂ ಬೇಕೇ ಎಂದು ಕೇಳುವ, ಸ್ವಾಬ್ ಪೊಟ್ಟಣದ ಬೇಡಿಕೆಪತ್ರ ಎಲ್ಲಿ ಸಿಕ್ಕಿಕೊಂಡಿದೆ ಎಂದು ವಿಚಾರಿಸುವ ಆಸ್ಪತ್ರೆ ಇದ್ದರೆ, ಅಲ್ಲಿ ಅಹಿಂಸೆಯ ಪಾಲನೆ ನಡೆಯುತ್ತಿದೆ. ಅಲ್ಲಿಯವರಿಗೆ ಆ ಹೆಸರು ಗೊತ್ತಿರಬೇಕೆಂದೇನೂ ಇಲ್ಲ, ಅಡುಗೆಮನೆಯಲ್ಲಿ ಈರುಳ್ಳಿ ಇರಬಾರದೆಂದೂ ಇಲ್ಲ.